ಜೋಗಿನಿ ಹೋರಾಟ (ನಾರಾಯಣಪೇಟೆ, ಮಕ್ತಲ್, ಗದ್ವಾಲ)

ತೆಲಂಗಾಣದ ಹಳೆಯ ಮಹಬೂಬ್‌ನಗರ ಜಿಲ್ಲೆಯ ಗಡಿಸೀಮೆಯಲ್ಲಿ ದೇವರಿಗೆ ಬಿಟ್ಟ ಹೆಣ್ಣುಮಕ್ಕಳು ತಮಗೂ ತಮ್ಮ ಮಕ್ಕಳಿಗೂ ಕಾನೂನಿನಲ್ಲಿ ನೆಲೆ ಕೇಳಿ ನಡೆಸಿದ ಹೋರಾಟ. ರಾಯಚೂರು ಕಡೆ ದೇವದಾಸಿ, ಬಸವಿ ಎನ್ನಿಸಿಕೊಂಡವರೇ ಗಡಿಯಾಚೆ ಜೋಗಿನಿಯರು. ಬಹುತೇಕರು ಮಾದಿಗ, ಮಾಲ ಮನೆಗಳವರು.

ತಾಳಿ ಬೀಳುವುದು ಎಲ್ಲಮ್ಮನ ಹೆಸರಿನಲ್ಲಿ. ಆಮೇಲೆ ಮನೆಗೆ ಬರುವವನು ಊರಿನ ಹೊಲ-ಗದ್ದೆಯುಳ್ಳ ಗಂಡಸು. ಹುಟ್ಟಿದ ಮಗುವಿಗೆ ಅವನು ಯಾರೂ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಮದುವೆಯಿಲ್ಲದೆ ಹುಟ್ಟಿದ ಮಗು ತಾಯಿಗೆ ಸಂಬಂಧಿ, ತಂದೆಗಲ್ಲ. ಅಪ್ಪ ಯಾರೆಂದು ಊರಿಗೆಲ್ಲ ಗೊತ್ತಿದ್ದರೂ ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಸಾಲಿನ ಮುಂದೆ ತಾಯಿಯ ಕೈ ನಿಲ್ಲುತ್ತದೆ. ಸೋದರಮಾವನ ಹೆಸರನ್ನೋ ದೇವರ ಹೆಸರನ್ನೋ ಬರೆಸಿ ಮುಂದೆ ಸಾಗಿದವರುಂಟು.

ತೆಲಂಗಾಣದಲ್ಲಿ ಈ ಪದ್ಧತಿಯ ವಿರುದ್ಧದ ಕೆಲಸಕ್ಕೆ 1980ರ ದಶಕದಲ್ಲಿ ನಿಜಾಮಾಬಾದ್ ಸೀಮೆಯಲ್ಲಿ ಬಲ ತಂದವರು ಹೇಮಲತಾ ಲವಣಂ. 1988ರ ಆಂಧ್ರಪ್ರದೇಶ ದೇವದಾಸಿ ಅರ್ಪಣೆ ನಿಷೇಧ ಕಾಯ್ದೆ ಜೋಗಿನಿ, ಬಸವಿ, ಮಾತಮ್ಮ ಎಂಬ ಹೆಸರುಗಳನ್ನೆಲ್ಲ ಒಳಗೊಂಡಿತು, ಅರ್ಪಣೆಯನ್ನು ಅಪರಾಧವಾಗಿಸಿತು. ತಂದೆತನ ಗೊತ್ತುಮಾಡುವ ದಾರಿಯನ್ನು ಮಾತ್ರ ಹೇಳಲಿಲ್ಲ. ಅದೇ ಅದರ ದೊಡ್ಡ ಕೊರತೆ: ಶಿಕ್ಷೆ ಹೆಚ್ಚಾಗಿ ತಟ್ಟುವುದು ಮಗಳನ್ನು ಬಿಟ್ಟ ಬಡ ತಾಯ್ತಂದೆಗೆ, ಬಂದುಹೋದವನಿಗಲ್ಲ. ಮುಂದೆ ಮಹಬೂಬ್‌ನಗರ ಜಿಲ್ಲೆಯ ಹಾಜಮ್ಮ, ತಾವೇ ಜೋಗಿನಿಯಾಗಿದ್ದವರು, ಜೋಗಿನಿಯರ ಸಂಘಟನೆಯ ಮುಂದಾಳಾದರು; ಗ್ರೇಸ್ ನಿರ್ಮಲಾ ಅವರ ‘ಆಶ್ರಯ್’ ಸಂಸ್ಥೆ ಜೊತೆಗಿತ್ತು.

ಹೆಣ್ಣಿನ ಮೂಲಕ ನೆಲೆ ದಾಟದು ಎಂಬ ನಿಯಮ ಈ ನಾಡಿನದಷ್ಟೇ ಅಲ್ಲ. ಕೆನಡಾದಲ್ಲಿ ಹೊರಗಿನವನನ್ನು ಮದುವೆಯಾದ ಮೂಲನಿವಾಸಿ ಹೆಣ್ಣು ತನ್ನ ಸ್ಥಾನವನ್ನೇ ಕಳೆದುಕೊಳ್ಳುತ್ತಿದ್ದಳು, ಗಂಡಿಗೆ ಆ ಕಾಟವಿರಲಿಲ್ಲ. ಹಾಗೆ ಸ್ಥಾನ ಕಳೆದುಕೊಂಡ ಸಾಂಡ್ರಾ ಲವ್ಲೇಸ್ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯಲ್ಲಿ 1981ರಲ್ಲಿ ಗೆದ್ದರು; 1985ರಲ್ಲಿ ಕಾನೂನು ಬದಲಾಯಿತು. ಭಾರತದಲ್ಲಿ ಜಾತಿ ಅಪ್ಪನಿಂದಲೇ ಎಂಬ ಊಹೆ ಅಂತಿಮವಲ್ಲ, ತಾಯಿಯ ಸಮುದಾಯದಲ್ಲೇ ಬೆಳೆದೆನೆಂದು ಮಗು ತೋರಿಸಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಮೇಶ್‌ಭಾಯಿ ನಾಯ್ಕಾ ಪ್ರಕರಣದಲ್ಲಿ ಹೇಳಿತು. ಅದು ಅಂತರ್ಜಾತಿ ಮದುವೆಯ ಮೊಕದ್ದಮೆ. ಜೋಗಿನಿ ಮಕ್ಕಳ ಜಾತಿ ಪ್ರಮಾಣಪತ್ರದ ವಾದಕ್ಕೂ ಅದು ಊರುಗೋಲಾಗಬಲ್ಲದು.

2025ರ ಆಗಸ್ಟ್‌ನಲ್ಲಿ ಕರ್ನಾಟಕದ ವಿಧಾನಮಂಡಲ ಅಂಗೀಕರಿಸಿದ ದೇವದಾಸಿ ಮಸೂದೆ, ತಂದೆಯನ್ನು ಗುರುತಿಸಿಕೊಡಿ ಎಂದು ಕೇಳುವ ಹಕ್ಕನ್ನು ಮಕ್ಕಳಿಗೆ ಕೊಟ್ಟಿತು. ಬೇಕಾದರೆ ಡಿಎನ್‌ಎ ಪರೀಕ್ಷೆಗೂ ಅವಕಾಶವಿದೆ. ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂದೂ ಅದು ಹೇಳುತ್ತದೆ. ಗಡಿಯಾಚೆಯ ಮಕ್ತಲಿನಿಂದ ಈ ಮಸೂದೆಯ ನಾಡಾದ ರಾಯಚೂರಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ.