ಅಣಶಿ ಸೀಮೆಯ ಪಂಕ್ತಿ ಮತ್ತು ಪಡಿ

ಕಾರವಾರದ ಕಡಲ ತೀರದಿಂದ ಕಾಳೀ ನದಿಯ ಕಣಿವೆಯನ್ನು ಹಿಡಿದು ಬಂದ ದಾರಿಯು ಕದ್ರೆಯನ್ನು ದಾಟಿ, ತಿರುವು ತಿರುವುಗಳಲ್ಲಿ ಘಟ್ಟವನ್ನೇರಿ, ಕುಂಬಾರವಾಡ, ಜೋಯಿಡಾ, ದಾಂಡೇಲಿಗಳ ಮೂಲಕ ಹಳಿಯಾಳದ ಬಯಲಿಗೆ ಇಳಿಯುವುದಕ್ಕೆ ಮುನ್ನ, ಘಟ್ಟದ ನೆತ್ತಿಯಲ್ಲಿ ಸಿಗುವ ಊರು ಅಣಶಿ. ಕೆಳಗಿನವರದು ಮೀನು, ತೆಂಗು ಮತ್ತು ಕುಚ್ಚಲಕ್ಕಿಯ ಊಟ; ಮೂಡಲ ಬಯಲಿನವರದು ಜೋಳದ ರೊಟ್ಟಿ, ಕಾರ, ಕಾಳಿನ ಪಲ್ಯ; ನಡುವಿನ ಕಾಡಿನವರಿಗೆ ನಾಚಣಿಯ ಅಂಬಲಿ, ಗೆಡ್ಡೆ, ಸೊಪ್ಪು, ಹುಳಿ. ಇಷ್ಟು ಭಿನ್ನವಾದ ಆಹಾರಕ್ರಮಗಳುಳ್ಳ ಜನರು ಒಂದೇ ದಾರಿಯಲ್ಲಿ ನಡೆದು, ಒಬ್ಬರಿಗೊಬ್ಬರು ಸ್ನೇಹಿತರಾಗಿ, ಒಬ್ಬರ ಮನೆಯಲ್ಲೊಬ್ಬರು ತಂಗಿದಾಗ, ಉಣ್ಣುವ ಹೊತ್ತಿಗೆ ಏನು ಮಾಡುತ್ತಿದ್ದರೆಂಬ ಪ್ರಶ್ನೆಯು ರಾಜರ ಯುದ್ಧಗಳ ಪ್ರಶ್ನೆಗಿಂತ ಕಿರಿದಾದುದೆಂದು ನನಗೆ ತೋರಿಲ್ಲ.

ಈ ಕಾಡಿನ ಹಳೆಯ ನಿವಾಸಿಗಳಲ್ಲಿ ಕುಣಬಿಗಳು ಮುಖ್ಯರು. ಗುಡ್ಡದ ಇಳಿಜಾರಿನಲ್ಲಿ ಒಂದು ತುಂಡು ಕಾಡನ್ನು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ನಾಚಣಿಯನ್ನು ಬಿತ್ತಿ, ಒಂದೆರಡು ಬೆಳೆಯಾದ ಮೇಲೆ ಆ ನೆಲವನ್ನು ಮತ್ತೆ ಕಾಡಿಗೇ ಬಿಟ್ಟು ಮುಂದಕ್ಕೆ ಸರಿಯುವ ಕುಮರಿ ಬೇಸಾಯವೇ ಅವರ ಉಪಜೀವನವಾಗಿತ್ತು. 1799ರಲ್ಲಿ ಕೆನರಾ ಪ್ರಾಂತವು ಇಂಗ್ಲಿಷರ ವಶವಾದ ಮೇಲೆ, ಹಡಗು ಕಟ್ಟುವ ಸಾಗವಾನಿಯ ಮೇಲೆ ಬಿದ್ದ ಅವರ ದೃಷ್ಟಿಗೆ ಈ ಬೇಸಾಯವು ಕೇವಲ ವಿನಾಶವಾಗಿ ಕಂಡಿತು. ಮದರಾಸು ಅಧಿಪತ್ಯದ ಅರಣ್ಯ ಸಂರಕ್ಷಕನಾಗಿದ್ದ ಹ್ಯೂ ಕ್ಲೆಗ್‌ಹಾರ್ನನು ಅದನ್ನು ಬಲವಾಗಿ ವಿರೋಧಿಸಿದನು. 1860ರ ಹೊತ್ತಿಗೆ ಅಪ್ಪಣೆಯಿಲ್ಲದೆ ಕುಮರಿ ಕಡಿಯಬಾರದೆಂದಾಯಿತು. ಎರಡು ವರ್ಷಗಳಲ್ಲಿ ಉತ್ತರ ಕೆನರಾ ಮುಂಬಯಿ ಅಧಿಪತ್ಯಕ್ಕೆ ಸೇರಿತಾದರೂ ಕಾಡಿನ ಮೇಲಣ ಹಿಡಿತವು ಸಡಿಲಲಿಲ್ಲ. ಇಳಿಜಾರಿನ ನಾಚಣಿ ಕ್ಷೀಣಿಸಿದಂತೆಲ್ಲ ಮನೆಯ ಹಿತ್ತಲಿನ ಮುಡ್ಲಿ, ಕೋನ ಮೊದಲಾದ ಗೆಡ್ಡೆಗಳಿಗೆ ಕುಣಬಿಗಳ ಒಲೆಯಲ್ಲಿ ಪ್ರಾಧಾನ್ಯವು ಹೆಚ್ಚಿರಬೇಕೆಂದು ನನ್ನ ಊಹೆ.

1883ರಲ್ಲಿ ಪ್ರಕಟವಾದ ಮುಂಬಯಿ ಗೆಝೆಟಿಯರಿನ ಕೆನರಾ ಸಂಪುಟದಲ್ಲಿ ಒಂದೊಂದು ಜಾತಿಯ ಉಡಿಗೆ, ಮನೆ, ಮದುವೆಗಳ ಜೊತೆಗೆ ನಿತ್ಯದ ಊಟವನ್ನೂ ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ. ಆದರೆ ಜಾತಿಗೊಂದು ಪರಿಚ್ಛೇದವೆಂಬ ಆ ಗ್ರಂಥದ ವಿನ್ಯಾಸದಲ್ಲಿ, ಬೇರೆ ಬೇರೆ ಪರಿಚ್ಛೇದಗಳ ಇಬ್ಬರು ಗೆಳೆಯರು ಒಂದು ಸಂಜೆ ಒಂದೇ ಅಂಗಳದಲ್ಲಿ ಕುಳಿತರೆ ಅವರಿಗೆ ಸ್ಥಳವೆಲ್ಲಿ? ಆ ಸ್ಥಳವನ್ನು ಒದಗಿಸಿದ್ದು ಪಡಿ ಕೊಡುವ ಪದ್ಧತಿ. ಅಡಕೆ ತೋಟದ ಹವ್ಯಕನಾಗಲಿ, ಬಯಲ ಸೀಮೆಯ ಲಿಂಗವಂತ ವ್ಯಾಪಾರಿಯಾಗಲಿ ಮೀನು ಬೇಯುವ ಮನೆಗೆ ಅತಿಥಿಯಾಗಿ ಬಂದರೆ, ಮನೆಯವರು ಅಕ್ಕಿ, ಬೇಳೆ, ಕಾಯಿ, ಉಪ್ಪು, ಮೆಣಸು, ತರಕಾರಿಗಳನ್ನು ಗೆರಸಿಯಲ್ಲಿ ತಂದಿಟ್ಟು, ಸೌದೆಯನ್ನೂ ಬಳಸದ ಮಡಕೆಯನ್ನೂ ಕೊಟ್ಟು, ಕೊಟ್ಟಿಗೆಯ ಪಕ್ಕದಲ್ಲೋ ಮರದ ನೆಳಲಿನಲ್ಲೋ ಮೂರು ಕಲ್ಲಿನ ಒಲೆಯನ್ನು ಹೂಡಿಸುತ್ತಿದ್ದರು. ಅತಿಥಿಯು ಸ್ವಯಂಪಾಕ ಮಾಡಿಕೊಂಡು ಉಂಡನು. ಆತಿಥೇಯನು ತನ್ನ ಒಲೆಯದನ್ನು ಉಂಡನು. ಮಾತು ಮಾತ್ರ ಎರಡು ಒಲೆಗಳ ನಡುವೆ ಅವಿಚ್ಛಿನ್ನವಾಗಿ ನಡೆಯಿತು. ಅನ್ಯನ ನಿಯಮವನ್ನು ನಗದೆ, ಮುನಿಯದೆ, ಅದಕ್ಕೆ ಬೇಕಾದ ಸಾಮಗ್ರಿಯನ್ನು ತನ್ನ ಕಣಜದಿಂದಲೇ ಒದಗಿಸಿದ ಆ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಈ ಮರ್ಯಾದೆಯು ಎರಡು ದಿಕ್ಕಿಗೂ ಸಮನಾಗಿ ಹರಿಯುತ್ತಿರಲಿಲ್ಲವೆಂಬುದನ್ನು ಮರೆತರೆ ಇತಿಹಾಸಕ್ಕೆ ಅನ್ಯಾಯವಾದೀತು. ಮೇಲಿನವನೆನಿಸಿಕೊಂಡವನು ಕಾಡಿನವನ ಮನೆಯಲ್ಲಿ ಪಡಿಯನ್ನು ಪಡೆದನು; ಕಾಡಿನವನು ಅವನ ಮನೆಗೆ ಹೋದಾಗ ಪಡಿಯೂ ಇಲ್ಲ, ಪಂಕ್ತಿಯೂ ಇಲ್ಲ, ಅಂಗಳದಂಚಿನಲ್ಲಿ ಒಂದು ಎಲೆ.

ಈ ವೈಷಮ್ಯಕ್ಕೆ ಉತ್ತರವು ಇದೇ ಕಾಡಿನೊಳಗೆ ಎಂದೋ ಬಂದು ನೆಲೆಸಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ವಿಪ್ಲವದ ತರುವಾಯ ಚನ್ನಬಸವಣ್ಣನವರು ಶರಣರೊಡನೆ ಬಂದು ಐಕ್ಯರಾದರೆಂದು ಪರಂಪರೆಯು ಹೇಳುವ ಉಳವಿಯು ಅಣಶಿಯಂತೆಯೇ ಜೋಯಿಡಾ ತಾಲೂಕಿನ ಕಾನನದೊಳಗಿದೆ. ಜಾತಿಯನ್ನೆಣಿಸದೆ ಕೂಡಿ ಉಣ್ಣುವುದು ಶರಣರ ಧರ್ಮದಲ್ಲಿ ಸೌಜನ್ಯದ ಮಾತಾಗಿರಲಿಲ್ಲ, ಆಚಾರದ ತಿರುಳಾಗಿತ್ತು. ದಾಸೋಹವೆಂಬ ತತ್ತ್ವವು ನಿಂತಿದ್ದೇ ಅದರ ಮೇಲೆ. ಮಾಘ ಮಾಸದ ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿಗಳ ರೈತರು ಚಕ್ಕಡಿ ಹೂಡಿಕೊಂಡು, ಎತ್ತುಗಳ ಮೇವಿನ ಜೊತೆಗೆ ಕಟಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳ ಗಂಟುಗಳನ್ನು ಹೇರಿಕೊಂಡು ಈ ಜಾತ್ರೆಗೆ ಇಂದಿಗೂ ಬರುತ್ತಾರೆ. ಸಾಲು ಬಂಡಿಗಳು ಹಳ್ಳದ ದಂಡೆಯಲ್ಲಿ ಕೊರಳು ಬಿಚ್ಚಿದ ಮೇಲೆ, ಒಂದು ಬಂಡಿಯ ಬುತ್ತಿ ಇನ್ನೊಂದಕ್ಕೆ ಹೋಗುತ್ತದೆ. ವಾರಗಟ್ಟಲೆ ಕೆಡದ ಆ ರೊಟ್ಟಿಯು ಒಣ ಬಯಲಿನ ಹವೆಯ ವಿವೇಕ. ಅಂದಂದಿನ ಗಂಜಿಯನ್ನು ಅಂದೇ ಮುಗಿಸುವುದು ಮಳೆನಾಡಿನ ವಿವೇಕ.

ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾಗಳ ಸಿದ್ದಿಗಳ ವೃತ್ತಾಂತವು ಇನ್ನೂ ವಿಶೇಷವಾದುದು. ಆಫ್ರಿಕದ ಮೂಲದವರಾದ ಇವರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಗೋವೆಗೆ ದಾಸರನ್ನಾಗಿ ತಂದರು; ಅಲ್ಲಿಂದ ತಪ್ಪಿಸಿಕೊಂಡವರು ಈ ಕಾಡುಗಳನ್ನು ಸೇರಿದರು. ಇಂದು ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದು, ಮೂರು ಮತಗಳ ಉಪವಾಸ, ನಿಷೇಧ, ಹಬ್ಬದಡುಗೆಗಳು ಬೇರೆ ಬೇರೆಯಾಗಿದ್ದರೂ, ಹಿರಿಯರ ಪೂಜೆಯು ಅವರನ್ನು ಒಂದು ಕುಲವಾಗಿ ಹಿಡಿದಿದೆ. ಮತವು ಬೇರೆಯಾದಾಗ ಒಲೆಯೂ ನಂಟೂ ಕಡಿಯಬೇಕೆಂದು ವಾದಿಸುವವರು ಈ ಸಿದ್ದಿಗಳ ಹಳ್ಳಿಗಳನ್ನು ಒಮ್ಮೆ ನೋಡಬೇಕು.

1955ರ ಹೊತ್ತಿಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯು ಬಂದಿತು. ಆಮೇಲೆ ಕಾಳಿಗೆ ಸೂಪಾದಲ್ಲಿ ಅಣೆಕಟ್ಟು ಎದ್ದು, ತಾಲೂಕಿನ ಹಳೆಯ ಕೇಂದ್ರವೇ ನೀರಿನಲ್ಲಿ ಮುಳುಗಿ, ಜನರು ರಾಮನಗರ ಮೊದಲಾದ ಕಡೆ ಚದುರಿದರು. ಈ ಕೆಲಸಗಳಿಗೆ ನಾನಾ ಪ್ರಾಂತಗಳಿಂದ ಬಂದವರು ಪಾಳಿಯ ನಡುವೆ ಡಬ್ಬಿಗಳನ್ನು ಬಿಚ್ಚಿ ಕುಳಿತಾಗ, ಮೂರು ಕಲ್ಲಿನ ಬೇರೆ ಒಲೆಯನ್ನು ಹೂಡುವ ಅವಕಾಶವಾಗಲಿ ಕಾಲವಾಗಲಿ ಯಾರಿಗೂ ಇರಲಿಲ್ಲ. ಶಾಸ್ತ್ರಾರ್ಥಗಳು ಮಾಡಲಾರದುದನ್ನು ಕಾರ್ಖಾನೆಯ ಗಂಟೆಯು ಮಾಡಿತು. ಒಣಮೀನಿನ ಡಬ್ಬಿಯವನು ತುಸು ಅಂಚಿಗೆ ಸರಿದು ಕೂರುವ, ರೊಟ್ಟಿಯವನು ಒಂದು ತುಂಡನ್ನು ಮುರಿದು ನೀಡುವ ಸೂಕ್ಷ್ಮ ದಾಕ್ಷಿಣ್ಯಗಳು ಪಡಿಯ ಪದ್ಧತಿಯಲ್ಲಿದ್ದ ಒಳ್ಳೆಯ ಅಂಶದ ಮುಂದುವರಿಕೆಯೆಂದೇ ನಾನು ತಿಳಿದಿದ್ದೇನೆ. ಇಲ್ಲಿ ಅದು ಎರಡು ದಿಕ್ಕಿಗೂ ಹರಿಯಿತು.

ಅಣಶಿಯ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 2007ರಲ್ಲಿ ದಾಂಡೇಲಿಯೊಡನೆ ಹುಲಿ ಸಂರಕ್ಷಿತ ಪ್ರದೇಶವೂ ಆದ ಮೇಲೆ, ದಾರಿಹೋಕರಿಗೆ ಬದಲು ಪ್ರವಾಸಿಗಳು ಬರತೊಡಗಿದ್ದಾರೆ. ಅವರ ರುಚಿಭೇದವು ಬೇಗನೆ ಬಗೆಹರಿಯುತ್ತದೆ: ಎಲ್ಲರಿಗೂ ಪೇಟೆಯಿಂದ ತಂದ ಪನೀರು ಅಥವಾ ಕೋಳಿ. ಕಾಡಿನ ಚಗಳಿಯ ಚಟ್ನಿಯೂ, ಮುರುಗಲಿನ ಸಾರೂ, ಕೋನದ ಪಲ್ಯವೂ ಆ ಎಲೆಗೆ ಬೀಳುವುದು ಅಪರೂಪ. ಜೋಯಿಡಾದಲ್ಲಿ ನಡೆಯುವ ಗೆಡ್ಡೆ-ಗೆಣಸಿನ ಮೇಳಕ್ಕೆ ಕುಣಬಿ ಹೆಂಗಸರು ಹೊತ್ತು ತರುವ ಮುಡ್ಲಿಗಳ ಗಾತ್ರವನ್ನು ನೋಡಿ ಬೆರಗಾಗುವ ಅತಿಥಿಗಳು ಅವನ್ನು ಆತಿಥೇಯರ ಮನೆಯಲ್ಲಿಯೂ ಕೇಳಿ ಬಡಿಸಿಕೊಳ್ಳಬೇಕು. ಈ ಗೆಡ್ಡೆಗಳ ತಳಿಯು ಉಳಿಯುವುದು ಅಗೆದುದರಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಮುಂದಿನ ಮಳೆಗೆ ಮುನ್ನ ಹಿತ್ತಲಿನಲ್ಲಿ ಮರಳಿ ನೆಡುವುದರಿಂದ. ಉಣ್ಣುವವರಿಲ್ಲದ ಮನೆಯಲ್ಲಿ ಆ ಪಾಲನ್ನು ಯಾರೂ ತೆಗೆದಿಡುವುದಿಲ್ಲ.