ಜಿದ್ದಾ ಕಾರ್ನಿಶ್‌ನ ಬಯಲು ಶಿಲ್ಪಗಳು

ಜಿದ್ದಾದಲ್ಲಿ ದುಡಿಯುವ ನಮ್ಮಂಥವರಿಗೆ ಕಾರ್ನಿಶ್ ಎಂದರೆ ಶುಕ್ರವಾರದ ಸಂಜೆ, ಫ್ಲಾಸ್ಕಿನ ಚಹಾ, ಊರಿಗೊಂದು ಫೋನ್. ಬೆನ್ನ ಹಿಂದೆ ನಿಂತಿರುವ ಲೋಹದ ದೊಡ್ಡ ಆಕಾರಗಳನ್ನು ವರ್ಷಗಟ್ಟಲೆ 'ಎಂಥದೋ ಒಂದು' ಎಂದು ಬಿಟ್ಟಿದ್ದೆವು. ಕಳೆದ ಚಳಿಗಾಲದಲ್ಲಿ ಆಸ್ಪತ್ರೆಯ ಫಾರ್ಮಸಿಯ ನಾವು ನಾಲ್ವರು ಒಂದೊಂದರ ಮುಂದೆಯೂ ನಿಂತು ನೋಡಿದೆವು.

ಇವುಗಳ ಕಥೆ 1970ರ ದಶಕದ್ದು. ತೈಲದ ಹಣ ಬಂದು ನಗರ ದಿಢೀರನೆ ಬೆಳೆಯುತ್ತಿತ್ತು. ಆಗ ಮೇಯರ್ ಆಗಿದ್ದ ಮೊಹಮ್ಮದ್ ಸಯೀದ್ ಫಾರ್ಸಿ ನಗರ ಯೋಜನೆ ಓದಿದವರು. ಹೊಸ ರಸ್ತೆ, ವೃತ್ತಗಳ ಜೊತೆಗೆ ನೂರಾರು ಶಿಲ್ಪಗಳನ್ನೂ ನಿಲ್ಲಿಸಿದರು. ಇಲ್ಲಿಯ ಧಾರ್ಮಿಕ ಭಾವನೆಗೆ ತಕ್ಕಂತೆ ಮನುಷ್ಯರೂಪದ ಪ್ರತಿಮೆಗಳನ್ನು ದೂರವಿಟ್ಟರು. ಹಾಗಾಗಿ ಜಗತ್ತಿನ ಹೆಸರಾಂತ ಕಲಾವಿದರಿಂದ ಬಂದದ್ದು ಹೆಚ್ಚಾಗಿ ಅಮೂರ್ತ ಆಕಾರಗಳು.

ಹೆನ್ರಿ ಮೂರ್ ಅವರ ಕಂಚಿನ ಶಿಲ್ಪ ಇಲ್ಲಿದೆ. ಎರಡೂ ಕಡೆ ಮೊನೆ ಚಾಚಿದ ಕದಿರಿನಂಥ ಆಕಾರ. ಮೂರ್ ಇಂಗ್ಲೆಂಡಿನ ಕಲ್ಲಿದ್ದಲು ಗಣಿ ಕಾರ್ಮಿಕನ ಮಗ ಎಂದಾಗ ನಮಗೆ ಅವರು ಸ್ವಲ್ಪ ಹತ್ತಿರದವರೆನಿಸಿದರು. ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಸ್ಪೇನಿನ ಮಿರೋ ಅವರ ಕೃತಿಯೂ ಇದೆ. ಸ್ಪೇನಿನವರೇ ಆದ ವಾಸ್ತುಶಿಲ್ಪಿ ಹೂಲಿಯೋ ಲಾಫುಯೆಂತೆ ಅವರ ದೈತ್ಯ ಸೈಕಲ್ ನಗರದೊಳಗಿನ ವೃತ್ತದಲ್ಲಿದೆ. ನಮ್ಮ ಟ್ಯಾಕ್ಸಿ ಚಾಲಕ ಗೆಳೆಯರಿಗೆ ಅದೊಂದು ವಿಳಾಸ. ಕಾಂಕ್ರೀಟಿನಲ್ಲಿ ನಿಜವಾದ ಕಾರುಗಳನ್ನು ಹೂತಿಟ್ಟ ಶಿಲ್ಪವೂ ಅವರದೇ. ಅತಿವೇಗದ ಎಚ್ಚರಿಕೆ ಅದು. ರಾತ್ರಿ ಪಾಳಿಯಲ್ಲಿ ಅಪಘಾತದವರಿಗೆ ನೋವಿನ ಇಂಜೆಕ್ಷನ್ ಕೊಟ್ಟು ಕಳಿಸುವ ನಮಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೆಂಪು ಸಮುದ್ರದ ಗಾಳಿಯಲ್ಲಿ ಉಪ್ಪಿದೆ, ಹಬೆಯಿದೆ. ಔಷಧದ ಕಪಾಟಿಗೆ ತೇವ ತಾಗದಂತೆ ನಾವು ದಿನವೂ ಕಾಯುತ್ತೇವೆ. ಈ ಶಿಲ್ಪಗಳಿಗೆ ಕಪಾಟೇ ಇರಲಿಲ್ಲ. ಉಪ್ಪಿನ ಕ್ಲೋರೈಡ್ ಕಂಚನ್ನು ತಿನ್ನುತ್ತದೆ, ಉಕ್ಕಿಗೆ ತುಕ್ಕು ಹಿಡಿಸುತ್ತದೆ. ದಶಕಗಳಲ್ಲಿ ಬಹಳಷ್ಟು ಸೊರಗಿದವು. 2010ರ ದಶಕದ ಆರಂಭದಲ್ಲಿ ಆರ್ಟ್ ಜಮೀಲ್ ಸಂಸ್ಥೆ ನಗರಪಾಲಿಕೆಯೊಡನೆ ಸೇರಿ ಮುಖ್ಯವಾದವುಗಳನ್ನು ದುರಸ್ತಿ ಮಾಡಿಸಿತು. ಸುಮಾರು 20 ಕೃತಿಗಳು ಅಲ್ ಹಮ್ರಾ ಬಳಿಯ ಕಡಲತೀರದಲ್ಲಿ ಬಯಲು ವಸ್ತುಸಂಗ್ರಹಾಲಯವಾಗಿ ನಿಂತವು.

ಬೇಲೂರಿನ ಕಲ್ಲಿನಲ್ಲಿ ದಾಸೋಜ, ಚಾವಣರ ಹೆಸರು ಇಂದಿಗೂ ಉಳಿದಿದೆ. ಇಲ್ಲಿಯೂ ಕಲಾವಿದರ ಹೆಸರುಗಳಿವೆ. ಆದರೆ ಆ ಬಿಸಿಲಿನಲ್ಲಿ ಅಡಿಪಾಯ ತೋಡಿದವರು, ಕ್ರೇನ್ ನಡೆಸಿದವರು, ಕಾಂಕ್ರೀಟ್ ಹೊಯ್ದವರು ಯಾರು? ನಾವು ನೋಡಿದ ಕಡೆ ಎಲ್ಲೂ ಅವರ ಹೆಸರು ಕಾಣಲಿಲ್ಲ. ನಮ್ಮೊಡನಿದ್ದ ಹಿರಿಯ ಗೆಳೆಯರು ಬುಡದ ಕಾಂಕ್ರೀಟನ್ನು ಕೈಯಿಂದ ಸವರಿ, "ಇದನ್ನು ಮಾಡಿದವರೂ ನಮ್ಮ ಹಾಗೆ ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಿದ್ದವರೇ ಇರಬೇಕು" ಎಂದರು. ನಾವು ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ನೋಡಲು ಟಿಕೆಟ್ ಬೇಕಿಲ್ಲ. ಬಿಸಿಲಿಳಿದ ಮೇಲೆ ಹೋಗಿ, ನೀರಿನ ಬಾಟಲಿ ಜೊತೆಗಿರಲಿ. ಈ ಸಲ ಚಹಾ ಕುಡಿಯುವಾಗ ಸಮುದ್ರದ ಕಡೆಗಷ್ಟೇ ಅಲ್ಲ, ಹಿಂದಕ್ಕೂ ಒಮ್ಮೆ ತಿರುಗಿ ನೋಡಿ.