ಬಣ್ಣ ಕಂಡು ಗಂಡೆನ್ನುವ ಮುನ್ನ: ಸಿಕ್ಲಿಡ್ ಅಧ್ಯಯನದ ಹಾದಿ

ಅಕ್ವೇರಿಯಂ ಸಾಕುವವರ ನಡುವೆ ಈಚೆಗೆ ಒಂದು ಮಾತು ಸಲೀಸಾಗಿ ಓಡಾಡುತ್ತಿದೆ: "ನಮ್ಮ ಹೆಣ್ಣು ಮೀನು ಗಂಡಾಗಿಬಿಟ್ಟಿತು." ತೊಟ್ಟಿಯ ದೊಡ್ಡ ಗಂಡು ಸತ್ತಿತು, ಹಳದಿ ಮೈಯ 'ಹೆಣ್ಣು' ಕೆಲವೇ ದಿನಗಳಲ್ಲಿ ಕಪ್ಪಿಟ್ಟಿತು, ಅಲ್ಲಿಗೆ ಲಿಂಗವೇ ಬದಲಾಯಿತೆಂಬ ತೀರ್ಮಾನ. ಸಿಕ್ಲಿಡ್ ಕುಟುಂಬದಲ್ಲಿ ಅಂಥ ಬದಲಾವಣೆ ಇಲ್ಲವೇ ಇಲ್ಲವೆಂದಲ್ಲ. ದಕ್ಷಿಣ ಅಮೆರಿಕದ ಕ್ರೆನಿಕಾರಾ ಪಂಕ್ಟುಲೇಟಾದಲ್ಲಿ ಹೆಣ್ಣು ಗಂಡಾಗುವುದು 2000ದಲ್ಲಿ ದಾಖಲಾಗಿದೆ. ಆದರೆ ಮಲಾವಿ ಸರೋವರದ ಮೆಲನೊಕ್ರೋಮಿಸ್ ಔರಾಟಸ್‌ನಲ್ಲಿ ನಡೆಯುವುದೇ ಬೇರೆ. ಅದರ ಮರಿಗಳೂ ಹೆಣ್ಣುಗಳೂ ಹಳದಿ ಮೈಮೇಲೆ ಕಪ್ಪು ಪಟ್ಟೆ ಹೊತ್ತಿರುತ್ತವೆ. ಸೋತ ಗಂಡೂ ಅದೇ ವೇಷದಲ್ಲಿ ತಲೆ ತಗ್ಗಿಸಿಕೊಂಡಿರುತ್ತದೆ. ಮೇಲಿನ ಗಂಡು ಇಲ್ಲವಾದೊಡನೆ ಅದು ತನ್ನ ಕಪ್ಪನ್ನು ತೋರುತ್ತದೆ. ಅದು ಮೊದಲಿನಿಂದಲೂ ಗಂಡೇ. ಈ ಭೇದವನ್ನು ಬಿಡಿಸಿ ನೋಡಲು ವಿಜ್ಞಾನಿಗಳಿಗೂ ಸಾಕಣೆದಾರರಿಗೂ ದಶಕಗಳೇ ಹಿಡಿದವು. ಕಲಿತದ್ದು ಇಷ್ಟು ಬೇಗ ಮರೆತುಹೋಗುತ್ತಿರುವುದರಿಂದಲೇ ಆ ಹಾದಿಯನ್ನು ಮತ್ತೊಮ್ಮೆ ಹೇಳಬೇಕಾಗಿದೆ.

ಮೊದಲ ಘಟ್ಟ ವಸ್ತುಸಂಗ್ರಹಾಲಯಗಳದು. ಮದ್ಯಸಾರದಲ್ಲಿಟ್ಟ ಮೀನಿನ ಬಣ್ಣ ಹೋಗಿಬಿಡುತ್ತದೆ, ಹೀಗಾಗಿ ಹಲ್ಲು, ಮೂಳೆ, ಹುರುಪೆಗಳ ಲೆಕ್ಕವೇ ಮುಖ್ಯವಾಯಿತು. ಎಥೆಲ್ವಿನ್ ಟ್ರೆವಾವಸ್ 1935ರಲ್ಲಿ ಮಲಾವಿಯ ಸಿಕ್ಲಿಡ್‌ಗಳನ್ನು ಅಚ್ಚುಕಟ್ಟಾಗಿ ವಿಂಗಡಿಸಿದ್ದು ಇಂಥ ಮಾದರಿಗಳಿಂದಲೇ. ಬದುಕಿರುವ ಮೀನನ್ನು ತೊಟ್ಟಿಯಲ್ಲಿಟ್ಟು ನೋಡುವ ಕೆಲಸಕ್ಕೆ ನ್ಯೂಯಾರ್ಕಿನಲ್ಲಿ ನೋಬಲ್ ಮತ್ತು ಕರ್ಟಿಸ್ 1939ರಲ್ಲಿ, ಡಚ್ ದಂಪತಿ ಬೇರೆಂಡ್ಸ್ 1950ರಲ್ಲಿ ಭದ್ರವಾದ ತಳಪಾಯ ಹಾಕಿದರು. ಮೈಮೇಲೆ ಮೂಡಿ ಮರೆಯಾಗುವ ಪಟ್ಟೆಗಳು ಮೀನಿನ ಆ ಹೊತ್ತಿನ ಮನಸ್ಥಿತಿಯನ್ನು ಹೇಳುತ್ತವೆ ಎಂಬುದು ಬೇರೆಂಡ್ಸರ ಕಾಣ್ಕೆ. ಅದು ಇಂದಿಗೂ ಹಳತಾಗಿಲ್ಲ.

1962ರಲ್ಲಿ ವೋಲ್ಫ್‌ಗ್ಯಾಂಗ್ ವಿಕ್ಲರ್ ಒಂದು ಸುಂದರವಾದ ವಿವರಣೆ ಕೊಟ್ಟರು. ಬಾಯಲ್ಲಿ ಮೊಟ್ಟೆ ಸಾಕುವ ಹಲವು ಜಾತಿಗಳ ಗಂಡಿಗೆ ಹೊಟ್ಟೆಯ ಹಿಂಬದಿಯ ರೆಕ್ಕೆಯಲ್ಲಿ ಮೊಟ್ಟೆಯಂಥ ಹಳದಿ ಚುಕ್ಕೆಗಳಿರುತ್ತವೆ. ಇಟ್ಟ ಮೊಟ್ಟೆಗಳನ್ನು ಬಾಯಿಗೆ ಹಾಕಿಕೊಂಡ ಹೆಣ್ಣು ಈ ಚುಕ್ಕೆಗಳಿಗೂ ಬಾಯಿಡುತ್ತದೆ, ಆಗ ಗಂಡು ಬಿಟ್ಟ ವೀರ್ಯ ಅದರ ಬಾಯೊಳಗಿನ ಮೊಟ್ಟೆಗಳಿಗೆ ಸೇರುತ್ತದೆ. ಅಂಗಡಿಗಳ ಕೈಗೆ ಸಿಕ್ಕಿದ್ದೇ ಇದು 'ಚುಕ್ಕೆ ಇದ್ದರೆ ಗಂಡು' ಎಂಬ ಸೂತ್ರವಾಗಿಬಿಟ್ಟಿತು. ವಿಕ್ಲರ್ ಹಾಗೆ ಹೇಳಿರಲೇ ಇಲ್ಲ. ಎಷ್ಟೋ ಜಾತಿಗಳ ಹೆಣ್ಣಿಗೂ ಮಸುಕಾದ ಚುಕ್ಕೆಗಳಿರುತ್ತವೆ. ಆಸ್ಟಟೊಟಿಲೇಪಿಯಾ ಬರ್ಟೋನಿ ಮೀನಿನ ಮೇಲೆ 2012ರಲ್ಲಿ ಪ್ರಕಟವಾದ ಪ್ರಯೋಗಗಳು ಇನ್ನೊಂದು ಮುಖ ತೋರಿಸಿದವು: ಹೆಣ್ಣುಗಳು ಚುಕ್ಕೆ ನೋಡಿ ಗಂಡನ್ನು ಆರಿಸಲಿಲ್ಲ, ಬೇರೆ ಗಂಡುಗಳು ಅವಕ್ಕೆ ಅಂಜಿದವು.

ಆಫ್ರಿಕಾದ ಮೀನುಗಳು ಅಂಗಡಿಗಳಿಗೆ ಹೇರಳವಾಗಿ ಬರತೊಡಗಿದ ಮೇಲೆ ಗೊಂದಲವೂ ಹೆಚ್ಚಿತು. ಲೊಂಬಾರ್ಡೋಯಿಯಲ್ಲಿ ಹೆಣ್ಣು ನೀಲಿ, ಗಂಡು ಹಳದಿ. ಎಲೆಕ್ಟ್ರಿಕ್ ಯೆಲ್ಲೋದಲ್ಲಿ ಎರಡೂ ಹಳದಿ. ಕ್ರಿಬೆನ್ಸಿಸ್‌ನ ಕೆಂಪು ಹೊಟ್ಟೆ ಹೆಣ್ಣಿನ ಹೆಮ್ಮೆ, ಕಾನ್ವಿಕ್ಟ್ ಮೀನಿನಲ್ಲೂ ಹೊಟ್ಟೆಯ ಕಿತ್ತಳೆ ಬಣ್ಣ ಹೆಣ್ಣಿನದೇ. ಏಂಜೆಲ್, ಡಿಸ್ಕಸ್‌ಗಳಲ್ಲಂತೂ ಮೊಟ್ಟೆಯಿಡುವ ಹೊತ್ತಿಗೆ ಹೊರಚಾಚುವ ನಾಳ ನೋಡುವವರೆಗೆ ಗಂಡು ಹೆಣ್ಣು ತಿಳಿಯುವುದೇ ಕಷ್ಟ. ಪಾಲ್ ಲೊಯ್ಸೆಲ್ 1985ರಲ್ಲಿ ಬರೆದ ಪುಸ್ತಕವೂ ಆಡ್ ಕೋನಿಂಗ್ಸ್ ಸರೋವರದಲ್ಲಿ ಮುಳುಗಿ ತೆಗೆದ ಚಿತ್ರಗಳೂ ನಮ್ಮ ತಲೆಮಾರಿನ ಸಾಕಣೆದಾರರಿಗೆ ಕಣ್ಣು ಕೊಟ್ಟವು. ಕೈ ಒದ್ದೆ ಮಾಡಿಕೊಂಡು ಮೀನನ್ನು ಮೆಲ್ಲಗೆ ಅಂಗಾತ ಹಿಡಿದು ಅಡಿಯ ಎರಡು ರಂಧ್ರಗಳನ್ನು ಹೋಲಿಸುವ ಪರೀಕ್ಷೆಯನ್ನು ಕಲಿತದ್ದೂ ಆಗಲೇ. ಹಿಂದಿನ ರಂಧ್ರ ಮುಂದಿನದಕ್ಕಿಂತ ಅಗಲವಾಗಿದ್ದರೆ ಹೆಣ್ಣು, ಹೆಚ್ಚುಕಡಿಮೆ ಸಮವಾಗಿದ್ದರೆ ಗಂಡು. ತೀರ ಸಣ್ಣ ಮರಿಗಳಲ್ಲಿ ಇದು ಕಾಣದು. ಬೆಳೆದ ಮೀನಿಗೆ ಇದಕ್ಕಿಂತ ನೆಚ್ಚಬಹುದಾದ ಮನೆಯ ಪರೀಕ್ಷೆ ಇಲ್ಲ.

ಈ ಕ್ಷೇತ್ರದ ತಿರುಳು ನನಗೆ ಕಂಡಿರುವುದು ಇಬ್ಬರ ಕೆಲಸದಲ್ಲಿ. ಸ್ಟ್ಯಾನ್‌ಫರ್ಡಿನ ರಸೆಲ್ ಫರ್ನಾಲ್ಡ್ ಬರ್ಟೋನಿ ಮೀನಿಗೆ ಬಾಳನ್ನೇ ಕೊಟ್ಟರು. ಅದರ ಗಂಡುಗಳಲ್ಲಿ ನೂರಕ್ಕೆ 10ರಿಂದ 30ರಷ್ಟು ಮಾತ್ರ ಒಂದು ಹೊತ್ತಿಗೆ ನೆಲೆ ಹಿಡಿದಿರುತ್ತವೆ. ಅವುಗಳದು ನೀಲಿ ಇಲ್ಲವೇ ಹಳದಿಯ ಹೊಳಪು, ಕಣ್ಣಿನ ಕೆಳಗೆ ಕಪ್ಪು ಪಟ್ಟಿ. ಉಳಿದವು ಬೂದು, ಹೆಣ್ಣಿನ ಹಾಗೆಯೇ. ಕಣ್ಣಿನ ಪಟ್ಟಿ ನರಗಳ ಹತೋಟಿಯಲ್ಲಿದೆ, ಹಾಗಾಗಿ ಥಟ್ಟನೆ ಮೂಡಿ ಥಟ್ಟನೆ ಅಳಿಯುತ್ತದೆ ಎಂದು ಅವರ ಪ್ರಯೋಗಾಲಯ 1987ರಲ್ಲಿ ತೋರಿಸಿತು. 1993ರ ಹೊತ್ತಿಗೆ ಇನ್ನೂ ಆಳದ ಸಂಗತಿ ಹೊರಬಿತ್ತು: ನೆಲೆ ಸಿಕ್ಕ ಗಂಡಿನ ಮಿದುಳಿನಲ್ಲಿ ಸಂತಾನಶಕ್ತಿಯನ್ನು ನಡೆಸುವ ನರಕೋಶಗಳೇ ಹಿಗ್ಗುತ್ತವೆ, ನೆಲೆ ಕಳೆದುಕೊಂಡರೆ ಕುಗ್ಗುತ್ತವೆ. ಯಜಮಾನ ಗಂಡನ್ನು ತೆಗೆದ ಕೆಲವೇ ನಿಮಿಷಗಳಲ್ಲಿ ಕೆಳಗಿನದು ಬಣ್ಣ ಏರಿಸಿಕೊಳ್ಳುವುದನ್ನು 2005ರ ಪ್ರಯೋಗ ದಾಖಲಿಸಿತು. ಹೆಣ್ಣು ಗಂಡಾಯಿತೆನ್ನುವವರು ಓದಬೇಕಾದದ್ದು ಇದನ್ನು.

ಬರ್ಕ್ಲಿಯ ಜಾರ್ಜ್ ಬಾರ್ಲೋ ಮಧ್ಯ ಅಮೆರಿಕದ ಮೈಡಾಸ್ ಮೀನನ್ನು ಹಿಡಿದರು. ಎಲ್ಲ ಮರಿಗಳೂ ಬೂದು. ಕೆಲವು ಮಾತ್ರ ಮುಂದೆ ಕಪ್ಪು ವರ್ಣಕೋಶಗಳನ್ನು ಕಳೆದುಕೊಂಡು ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ಗಂಡೂ ತಿರುಗುತ್ತದೆ, ಹೆಣ್ಣೂ ತಿರುಗುತ್ತದೆ. ಸಮ ಗಾತ್ರದ ಕಾದಾಟದಲ್ಲಿ ಬಂಗಾರದ್ದೇ ಮೇಲುಗೈ. ಅಂದರೆ ಬರ್ಟೋನಿಯ ಬಣ್ಣ ಕ್ಷಣದ್ದು, ಮೈಡಾಸ್‌ನದು ಬಾಳಿನದು. ಎರಡನ್ನೂ 'ಬಣ್ಣ ಬದಲಾವಣೆ' ಎಂದು ಒಂದೇ ಮೂಟೆಗೆ ಕಟ್ಟಿದರೆ ಏನೂ ಅರ್ಥವಾಗದು. ಬಾರ್ಲೋ 2000ದಲ್ಲಿ ಪ್ರಕಟಿಸಿದ ಸಿಕ್ಲಿಡ್ ಪುಸ್ತಕಕ್ಕೆ ಸಾಟಿಯಾದದ್ದನ್ನು ಆಮೇಲೆ ಯಾರೂ ಬರೆದಿಲ್ಲ.

ವಂಶವಾಹಿ ವಿಜ್ಞಾನ ಬಂದ ಮೇಲೆ ಸುದ್ದಿಗಳು ಬೇಗ ಬೇಗ ಬಂದವು. ಮಲಾವಿಯ ಕಿತ್ತಳೆ ಮಚ್ಚೆಯ ಮೀನುಗಳು ಬಹುಪಾಲು ಹೆಣ್ಣೇ ಏಕೆ ಎಂಬುದಕ್ಕೆ 2009ರಲ್ಲಿ ಉತ್ತರ ಸಿಕ್ಕಿತು: ಮಚ್ಚೆಯ ವಂಶವಾಹಿ ಹೆಣ್ತನವನ್ನು ನಿರ್ಧರಿಸುವ ಭಾಗಕ್ಕೆ ಅಂಟಿಕೊಂಡಿದೆ. ವಿಕ್ಟೋರಿಯಾ ಸರೋವರದ ನೀರು ಕಲಕಿದಂತೆ ಬಣ್ಣ ಕಾಣದೆ ಜಾತಿಗಳು ಬೆರೆತುಹೋಗುವುದನ್ನು ಓಲೆ ಸೀಹೌಸೆನ್ 1997ರಲ್ಲೇ ಎಚ್ಚರಿಸಿದ್ದರು. ದೊಡ್ಡ ಕೆಲಸಗಳಿವು. ಆದರೂ ತೊಟ್ಟಿಯ ಮುಂದೆ ಕೂತು ನೋಡುವ ತಾಳ್ಮೆ ಇವುಗಳ ಬೆಳಕಿನಲ್ಲಿ ಮಂಕಾಯಿತು.

ವ್ಯಾಪಾರವೂ ಕಣ್ಣನ್ನು ಕೆಡಿಸಿದೆ. ಹಾರ್ಮೋನ್ ತಿನ್ನಿಸಿದ ಮರಿಗಳು ವಯಸ್ಸಿಗೆ ಮುನ್ನವೇ ಗಂಡಿನ ಬಣ್ಣ ತೋರುತ್ತವೆ, ಹೆಣ್ಣಾದರೂ ಸರಿ. ಫ್ಲವರ್‌ಹಾರ್ನ್‌ನ ತಲೆಯುಬ್ಬು ನೋಡಿ ಗಂಡೆಂದು ಮಾರುವವರಿಗೆ ಉಬ್ಬು ಹೆಣ್ಣಿಗೂ ಬರುತ್ತದೆಂದು ಗೊತ್ತಿದೆ. ಇತ್ತ ಅಪಿಸ್ಟೊಗ್ರಾಮಾಗಳಲ್ಲಿ ನೀರಿನ ಬಿಸಿ ಹೆಚ್ಚಿದರೆ ಗಂಡುಗಳೇ ಹೆಚ್ಚಾಗುತ್ತವೆಂದು 1996ರಿಂದ ತಿಳಿದಿದ್ದರೂ ಮರಿ ಮಾಡಿಸುವವರು ಬಿಸಿಯ ಲೆಕ್ಕ ಬರೆದಿಡುವುದು ಅಪರೂಪ.

ಇಷ್ಟೆಲ್ಲದರ ನಡುವೆ ಹೆಣ್ಣಿನ ಬಣ್ಣ ಗಂಡಿನದರಷ್ಟು ಗಮನ ಪಡೆಯಲೇ ಇಲ್ಲ. ಪೆಲ್ವಿಕಾಕ್ರೋಮಿಸ್ ಟೇನಿಯೇಟಸ್‌ನಲ್ಲಿ ಗಂಡು ಹೆಣ್ಣಿನ ನೇರಳೆ ಹೊಟ್ಟೆ ನೋಡಿ ಆರಿಸುತ್ತದೆಂದು ತಿಳಿದದ್ದೇ ಈಚೆಗೆ. ನಮ್ಮ ನೆಲದ ಸಿಕ್ಲಿಡ್‌ಗಳ ಪಾಡೂ ಅಷ್ಟೆ. ಭಾರತಕ್ಕೆ ಸೇರಿದ ಸಿಕ್ಲಿಡ್‌ಗಳು ಮೂರೇ. ಕೇರಳದ ಕರಿಮೀನು ಊಟದ ತಟ್ಟೆಯಿಂದಾಗಿ ಹೆಸರಾಯಿತು. ಕಿತ್ತಳೆ ಕ್ರೋಮೈಡ್ ಮರಿ ಸಾಕುವಾಗ ಹೊಟ್ಟೆ ಕಪ್ಪಾಗಿಸಿಕೊಳ್ಳುತ್ತದೆ. ಅದರ ನಡತೆಯನ್ನು ಜ್ಯಾಕ್ ವಾರ್ಡ್ ಅಮೆರಿಕದ ತೊಟ್ಟಿಗಳಲ್ಲೂ, ಸಮರಕೋನ್ ಜೊತೆಗೂಡಿ ಶ್ರೀಲಂಕಾದ ನೀರಿನಲ್ಲೂ ನೋಡಿ 1981ರಲ್ಲಿ ಬರೆದರು. ಮೂರನೆಯದು ಎಟ್ರೋಪ್ಲಸ್ ಕೆನರೆನ್ಸಿಸ್, ಫ್ರಾನ್ಸಿಸ್ ಡೇ 1877ರಲ್ಲಿ ಹೆಸರಿಟ್ಟ, ಅಡ್ಡಪಟ್ಟೆಯ ದಕ್ಷಿಣ ಕನ್ನಡದ ಮೀನು. ನೇತ್ರಾವತಿ, ಕುಮಾರಧಾರಾ ಅದರ ಮನೆ. ಹೊರದೇಶದ ತೊಟ್ಟಿಗಳಿಗೆ ಅದು ಹೋಗುತ್ತದೆ, ಅಪಾಯದಲ್ಲಿರುವ ಜಾತಿಗಳ ಪಟ್ಟಿಯಲ್ಲೂ ಇದೆ. ಬರ್ಟೋನಿಯ ಬಗ್ಗೆ ಕಪಾಟು ತುಂಬುವಷ್ಟು ಬರಹವಿದ್ದರೆ ಇದರ ಬಗ್ಗೆ ಇರುವುದು ಕೆಲವೇ ಪುಟ. ಜೋಡಿಯಾದಾಗ ಪಟ್ಟೆಗಳು ಯಾವಾಗ ಗಾಢವಾಗುತ್ತವೆ, ಗಂಡಿನಲ್ಲೋ ಹೆಣ್ಣಿನಲ್ಲೋ, ಮರಿ ಕಾಯುವಾಗ ಯಾವ ಪಟ್ಟೆ ಅಳಿಯುತ್ತದೆ ಎಂಬುದನ್ನು ಬರೆದಿಡಲು ಒಂದು ದೊಡ್ಡ ತೊಟ್ಟಿ, ಒಂದು ನೋಟ್‌ಬುಕ್ಕು, ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗಿನ ಬಿಡುವು ಸಾಕು. ಮಂಗಳೂರು ಅಥವಾ ಪುತ್ತೂರಿನ ಯಾವ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವೂ ಇದನ್ನು ಕೈಗೆತ್ತಿಕೊಳ್ಳಬಹುದು.